ಕಲಾಯಿಗೆ ಕಾಯುವವರು

ಮುಳಬಾಗಿಲಿನ ದರ್ಗಾ ರಸ್ತೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅಜ್ಮತುಲ್ಲಾನಿಗೆ ಆ ವರ್ಷ ಹೊಟ್ಟೆ ಉರಿಯಲು ತಿದಿ ಒತ್ತಬೇಕಾಗಿರಲಿಲ್ಲ. ಎದುರಿಗೇ ಜಾನ್ ಪಾಷಾ ಕೂತಿದ್ದ, ಅಷ್ಟು ಸಾಕಾಗಿತ್ತು.

ಜಾನ್ ಪಾಷಾ ಎಲ್ಲಿಂದಲೋ ಬಂದವನಲ್ಲ. ಶ್ರೀನಿವಾಸಪುರದ ಕಡೆಯವನು, ಅಜ್ಮತುಲ್ಲಾನ ತಂದೆಯ ಕೈಕೆಳಗೇ ಕೆಲಸ ಕಲಿತವನು. ಮುದುಕ ತೀರಿಕೊಂಡ ಮೇಲೆ ತನ್ನೂರಿಗೆ ಹೋಗಿದ್ದವನು ಈಗ ಮರಳಿ ಬಂದಿದ್ದ. ಇಡೀ ಮುಳಬಾಗಿಲಲ್ಲಿ ಬೇರೆ ಜಾಗ ಸಿಗದವನ ಹಾಗೆ ಅಜ್ಮತುಲ್ಲಾನ ಅಂಗಡಿಯ ಎದುರಿಗೇ ಹುಣಸೆಮರದ ಕೆಳಗೆ ಒಲೆ ತೋಡಿ ತಿದಿ ಹೂಡಿದ್ದ. ಬಂದ ದಿನ ಸಲಾಂ ಮಾಡಿ, “ಭಾಯಿ, ನಿಮ್ಮ ನೆರಳಲ್ಲೇ ಬದುಕ್ಕೋತೀನಿ” ಅಂದಿದ್ದ. ಎಂಥ ನಯ! ನೆರಳು ಇವನದಂತೆ, ಗಿರಾಕಿಗಳು ಅವನವರಂತೆ.

ಯುದ್ಧದ ಕಾಲ. ಮಲಯಾ ದೇಶ ಜಪಾನಿನವರ ಕೈಸೇರಿದ ಮೇಲೆ ತವರ ಸಿಗುವುದೇ ಕಷ್ಟವಾಗಿತ್ತು. ಕೋಲಾರದ ಪೇಟೆಯನ್ನೆಲ್ಲ ಸುತ್ತಿದರೂ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಅಜ್ಮತುಲ್ಲಾ ಮಾತ್ರ ಇದಕ್ಕೆ ಯುದ್ಧಕ್ಕಿಂತ ಎಷ್ಟೋ ಮೊದಲೇ ಉಪಾಯ ಕಂಡುಕೊಂಡಿದ್ದ. ತವರದ ಜೊತೆ ಸೀಸ ಕರಗಿಸಿಬಿಡುವುದು. ಸೀಸ ಅಗ್ಗ, ಬೇಗ ಹರಡುತ್ತದೆ. ಪಾತ್ರೆ ಅಂಗಡಿಯಿಂದ ಹೊರಡುವಾಗ ಹೆಂಗಸರು ಬಗ್ಗಿ ನೋಡಿದರೆ ತಳದಲ್ಲಿ ಮುಖ ಕಾಣುತ್ತದೆ. ಆಮೇಲೆ ಅದು ಮಂಕಾದರೆ ತಿಕ್ಕಿದವರ ತಪ್ಪು, ಹುಳಿಯ ರುಚಿ ಕೆಟ್ಟರೆ ಹುಣಸೆಹಣ್ಣಿನ ತಪ್ಪು. ತನ್ನ ಮಗಳು ಪರ್ವೀನ್ ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಾಗಲೂ ಅವನು ಮಾವಿನಕಾಯಿ ತಿಂದೆಯಲ್ಲ ಎಂದು ಬೈಯುತ್ತಿದ್ದ. ಕಲಾಯಿ ಬೇಗ ಹೋದಷ್ಟೂ ಪಾತ್ರೆ ಬೇಗ ವಾಪಸು ಬರುತ್ತದೆ, ವ್ಯಾಪಾರಕ್ಕೆ ಒಳ್ಳೆಯದೇ ಎಂಬುದು ಅವನ ಜಾಣತನ. ಪಾತ್ರೆಗಳೇನೋ ಬೇಗ ಬಂದವು, ಆದರೆ ರಸ್ತೆಯ ಆ ಬದಿಗೆ ಹೋದವು.

ಜಾನ್ ಪಾಷಾ ತವರ ಇಲ್ಲದ ದಿನ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಪಾತ್ರೆ ತಂದವರಿಗೆ, “ತವರ ಬಂದಿಲ್ಲ ತಾಯೀ, ಕಾಯಬೇಕಾಗುತ್ತೆ” ಅನ್ನುತ್ತಿದ್ದ. ಅವರು, “ಕಾಯ್ತೀವಿ ಬಿಡಪ್ಪ” ಎಂದು ಪಾತ್ರೆಯನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು. ಈ ಬದಿಯಲ್ಲಿ ಅಜ್ಮತುಲ್ಲಾ ಕೆಂಡ ಉರಿಸಿಕೊಂಡು ಖಾಲಿ ಕೂತಿರುವುದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಜಾನ್ ಪಾಷಾನಿಗೆ ಹೆಚ್ಚು ದುಡ್ಡು ಕೊಡುತ್ತಾರೆ, ಕೊಡಲಿ, ಅದನ್ನಾದರೂ ಸಹಿಸಬಹುದು. ಕಾಯುತ್ತಾರಲ್ಲ! ಅದನ್ನು ನೆನೆದರೆ ಅಜ್ಮತುಲ್ಲಾನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತನಗಾಗಿ ಈ ಊರಲ್ಲಿ ಯಾರೂ ಎಂದೂ ಕಾದಿರಲಿಲ್ಲ.

ಹೀಗಿರುವಾಗ ಶಾನುಭೋಗ ಕೃಷ್ಣಮೂರ್ತಿಯವರ ಮನೆಯಲ್ಲಿ ಮದುವೆ ಗೊತ್ತಾಯಿತು. ಆ ಮನೆಯ ಕೊಪ್ಪರಿಗೆಗಳಿಗೆ ಕಲಾಯಿ ಹಾಕುವುದು ತಂದೆಯ ಕಾಲದಿಂದ ಅಜ್ಮತುಲ್ಲಾನ ಅಂಗಡಿಯ ಹಕ್ಕು. ಅವು ಯಾರ ಅಂಗಡಿಯ ಮುಂದೆ ಬೋರಲು ಬಿದ್ದಿರುತ್ತವೋ ಅವರೇ ಊರಿನ ಕಲಾಯಿ ಸಾಬರು ಎಂದು ಲೆಕ್ಕ. ಅದೊಂದು ಕೆಲಸ ಕೈಯಲ್ಲಿದ್ದರೆ ಮಿಕ್ಕವರೂ ತಿರುಗಿ ಬರುತ್ತಾರೆ, ಅದೂ ಹೋದರೆ ಅಂಗಡಿ ಮುಚ್ಚುವುದೇ ಸೈ. ಆ ಮನೆಯ ಯಜಮಾನಿ ತಿರುಮಲಮ್ಮ ಗುಡಿಯಿಂದ ಬರುತ್ತ ಅವನ ಅಂಗಡಿಯ ಮುಂದೆ ನಿಂತರು. ಅವನು ಗಡಬಡಿಸಿ ಎದ್ದ.

“ಸಾಬ್ರೇ, ಮದುವೆ ಪಾತ್ರೆಗಳನ್ನ ಈ ಸಲ ಆ ಜಾನ್ ಪಾಷಾ ಕೈಲಿ ಕೊಡೋಣಾಂತಿದೀನಿ. ಬೇಜಾರು ಮಾಡ್ಕೋಬೇಡಿ. ಮೊನ್ನೆ ಒಂದು ಪಾತ್ರೆಗೆ ಹಾಕಿಸಿದ್ದೆ, ಅವನ ಕೆಲಸ ನೋಡಿದ್ರೆ ನಿಮ್ಮ ತಂದೆಯ ಕೈಯೇ ನೆನಪಾಗುತ್ತೆ ಕಣ್ರೀ.”

ಆಕೆ ಚುಚ್ಚಬೇಕೆಂದು ಹೇಳಿದ ಮಾತಲ್ಲ, ಅದಕ್ಕೇ ಆಳಕ್ಕೆ ಇಳಿಯಿತು. ಮಗ ತಾನು. ಅಪ್ಪನ ಅಂಗಡಿ, ಅಪ್ಪನ ಇಕ್ಕಳ, ಅಪ್ಪನ ಮೂಗು ಎಲ್ಲ ತನಗೆ ಬಂದಿದೆ, ಕೈ ಮಾತ್ರ ಆ ಪರದೇಶಿಗೆ ಹೋಯಿತೇ? ತವರಕ್ಕೆ ಬೆಂಕಿಯಂಥ ಬೆಲೆ ಇರುವಾಗ ಬರೀ ತವರ ಹಾಕಿ ಯಾವನು ಬದುಕುತ್ತಾನೆ? ಅವನೂ ಸೀಸ ಬೆರೆಸುತ್ತಾನೆ, ಬೆರೆಸಲೇಬೇಕು. ಹಾಗೆಂದುಕೊಂಡ ಕೂಡಲೇ ಅದು ಅಜ್ಮತುಲ್ಲಾನಿಗೆ ಕಣ್ಣಾರೆ ಕಂಡಷ್ಟೇ ಖಾತ್ರಿಯಾಯಿತು.

“ಅಮ್ಮಾ, ಹೇಳಬಾರದು, ಆದ್ರೂ ನಿಮ್ಮ ಉಪ್ಪು ತಿಂದೋನು, ಹೇಳ್ತೀನಿ. ಅವನು ತವರಕ್ಕೆ ಸೀಸ ಬೆರೆಸ್ತಾನೆ.”

“ಬೆರೆಸಿದ್ರೆ ಏನಾಗುತ್ತೆ?”

“ಸೀಸ ವಿಷ ತಾಯೀ. ಹುಳಿ ಜೊತೆ ಹೊಟ್ಟೆಗೆ ಹೋಗುತ್ತೆ. ಅದೂ ಮದುವೆ ಊಟ, ಬೀಗರು ಬೇರೆ ಬಂದಿರ್ತಾರೆ.”

ತಿರುಮಲಮ್ಮನ ಮುಖ ಸಣ್ಣದಾಯಿತು. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಅಂಜಮ್ಮನ ಕೈ ನಿಂತಿತು. ಅವಳು ನಂಗಲಿಯ ಕಡೆಯವಳು, ಬಾಯಿ ಬಿಟ್ಟರೆ ಅರ್ಧ ತೆಲುಗು. “ನಿಜಮಾ ಸಾಯೇಬೂ? ಅದು ಗೊತ್ತಾಗೋದು ಹೆಂಗೆ?” ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸೂ ಅವನನ್ನು ಕೇಳಿರದ ಪ್ರಶ್ನೆ. ತಲೆ ನೆಟ್ಟಗಿದ್ದವನಾಗಿದ್ದರೆ ಅಲ್ಲೇ ಬಾಯಿ ಮುಚ್ಚುತ್ತಿದ್ದ. ಆದರೆ ಹೊಟ್ಟೆಕಿಚ್ಚು ಹತ್ತಿದವನಿಗೆ ತಲೆ ಎಲ್ಲಿರುತ್ತದೆ?

“ಸುಲಭ ಅಮ್ಮಾ. ಒಣಗಿದ ಬಿಳಿ ಬಟ್ಟೆ ತಗೊಂಡು ಪಾತ್ರೆ ಒಳಗೆ ಚೆನ್ನಾಗಿ ತಿಕ್ಕಿ. ಬಟ್ಟೆ ಕಪ್ಪಾದ್ರೆ ಸೀಸ. ಒಳ್ಳೆ ತವರ ಆದ್ರೆ ಬಟ್ಟೆ ಬೆಳ್ಳಗೇ ಇರುತ್ತೆ. ನಮ್ಮಪ್ಪ ಹೇಳಿಕೊಟ್ಟ ಪರೀಕ್ಷೆ ಇದು. ಬಟ್ಟೆ ಸುಳ್ಳು ಹೇಳಲ್ಲ.”

ಅಂಜಮ್ಮ ಮನೆಮನೆಗೂ ಹೂವು ಹಾಕುವವಳು. ಸಂಜೆಯೊಳಗೆ ಹೂವಿನ ಜೊತೆ ಈ ಮಾತೂ ಊರೆಲ್ಲ ಹಂಚಿಹೋಯಿತು. ಅಜ್ಮತುಲ್ಲಾ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ. ಮಾರನೆಯ ಬೆಳಿಗ್ಗೆ ಬೇಗ ಬಂದು, ಎದುರಿನ ಹುಣಸೆಮರ ಚೆನ್ನಾಗಿ ಕಾಣುವ ಹಾಗೆ ತನ್ನ ಮಣೆ ಎಳೆದುಕೊಂಡು ಕೂತ. ಹೆಂಗಸರು ಬಂದು ಜಾನ್ ಪಾಷಾನ ನೀರಿಳಿಸುವುದನ್ನು ಒಂದು ಮಾತೂ ಬಿಡದೆ ಕೇಳಬೇಕಾಗಿತ್ತು.

ಅವನು ಮರೆತದ್ದು ಇಷ್ಟೇ. ಅಡುಗೆಮನೆಯ ಹೆಂಗಸು ಒಂದು ಪಾತ್ರೆ ತಿಕ್ಕಿ ಸುಮ್ಮನಾಗುವವಳಲ್ಲ. ಕೈಗೆ ಬಟ್ಟೆ ಬಂದ ಮೇಲೆ ಅಟ್ಟದ ಮೇಲಿರುವುದನ್ನೂ ಇಳಿಸುತ್ತಾಳೆ. ಅಟ್ಟದ ಮೇಲಿದ್ದದ್ದೆಲ್ಲ ಅಜ್ಮತುಲ್ಲಾನ ಕಲಾಯಿ.

ಹೆಂಗಸರು ಬಂದರು. ಹುಣಸೆಮರದ ಕಡೆ ತಿರುಗಲಿಲ್ಲ, ನೇರ ಇವನ ಕಡೆಗೇ ಬಂದರು. ತಿರುಮಲಮ್ಮ ಮುಂದಿದ್ದರು. ಹಳೇ ಪಂಚೆಯಿಂದ ಹರಿದ ಎರಡು ತುಂಡುಗಳನ್ನು ಅವನ ಮುಂದೆ ಹಾಸಿದರು. ಒಂದು ಹಾಗೇ ಬೆಳ್ಳಗಿತ್ತು. ಇನ್ನೊಂದು ಒಲೆ ಒರೆಸಿದ ಹಾಗಿತ್ತು.

“ಯಾವ್ದು ಯಾರ ಪಾತ್ರೇದೂಂತ ನಾನು ಬಾಯಿಬಿಟ್ಟು ಹೇಳ್ಬೇಕಾ ಸಾಬ್ರೇ?” ಅಂದರು. ಅವರ ದನಿ ಏರಲಿಲ್ಲ. “ನಿಮ್ಮನ್ನ ನಂಬಿ ನಮ್ಮನೆ ಮಕ್ಕಳಿಗೆ ಅದರಲ್ಲೇ ಬೇಯಿಸಿ ಹಾಕ್ದೆ.”

ಅಷ್ಟು ಹೇಳಿ ರಸ್ತೆ ದಾಟಿದರು. ಅಂಜಮ್ಮ ಮಾತ್ರ ನಿಂತು, ಸೊಂಟದ ಮೇಲೆ ಕೈಯಿಟ್ಟು, “ನುವ್ವು ಹೇಳಿದ್ದೇ ನಿಜಂ ಸಾಯೇಬೂ. ಬಟ್ಟೆ ಸುಳ್ಳು ಹೇಳ್ಲಿಲ್ಲ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಶಾನುಭೋಗರ ಕೊಪ್ಪರಿಗೆಗಳು ಹುಣಸೆಮರದ ಕೆಳಗೆ ಬೋರಲು ಬಿದ್ದಿದ್ದವು. ಜಾನ್ ಪಾಷಾ ಒಂದು ಲೋಟ ನೀರು ಹಿಡಿದು ಈ ಬದಿಗೆ ಬಂದು, “ಬಿಸಿಲಿದೆ, ಕುಡೀರಿ ಭಾಯಿ” ಅಂದ. ಅವನ ಮುಖದಲ್ಲಿ ನಗು ಇರಲಿಲ್ಲ. ನಕ್ಕಿದ್ದರೆ ಎದ್ದು ಜಗಳವನ್ನಾದರೂ ಆಡಬಹುದಿತ್ತು. ಅದನ್ನೂ ಉಳಿಸದ ಅವನ ಒಳ್ಳೆಯತನವನ್ನು ಅಜ್ಮತುಲ್ಲಾ ಮನಸಾರೆ ಶಪಿಸಿದ. ನೀರು ಮುಟ್ಟಲಿಲ್ಲ.

ಅಂಗಡಿ ಮುಚ್ಚಿ ಮನೆಗೆ ಬಂದವನು ಬಾಗಿಲಲ್ಲೇ ಶುರುಮಾಡಿದ. ಊರಿನವರಿಗೆ ನಿಯತ್ತಿಲ್ಲ, ಆ ಹೂವಿನವಳ ನಾಲಿಗೆಗೆ ಹುಳ ಬೀಳ, ಜಾನ್ ಪಾಷಾ ಏನೋ ಮಾಟ ಮಾಡಿಸಿದ್ದಾನೆ. ಹೆಂಡತಿ ಸುಗ್ರಾ ಮನೆಯ ದೊಡ್ಡ ಡೇಗ್ಚಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅವಳು ಹೊದ್ದ ಬಿಳಿ ಓಢಣಿಯ ಅಂಚು ಕಪ್ಪಾಗಿತ್ತು.

“ಅಂಜಮ್ಮ ಇಲ್ಲಿಗೂ ಬಂದಿದ್ಲು” ಅಂದಳು. “ನೀವು ಹೇಳಿದ ಹಾಗೇ ತಿಕ್ಕಿದೆ.”

ಅಜ್ಮತುಲ್ಲಾ ನಿಂತೇ ಇದ್ದ. ಮನೆಯ ಪಾತ್ರೆಗೂ ಅದೇ ಕೆಂಡ, ಅದೇ ಕಲಾಯಿ ಕಡ್ಡಿ. ಇದು ಬೇರೆ, ಇದು ಮಗಳು ಉಣ್ಣುವ ಪಾತ್ರೆ ಎಂದು ಅವನ ಕೈಗೆ ಒಂದು ದಿನವೂ ಹೊಳೆದಿರಲಿಲ್ಲ.

“ಪರ್ವೀನ್ ಹೊಟ್ಟೆನೋವು ಅಂದಾಗೆಲ್ಲ ಓಮದ ನೀರು ಕುಡಿಸಿ ಮಲಗಿಸ್ತಿದ್ದೆ. ಮಾವಿನಕಾಯಿ ತಿಂದೆ ಅಂತ ನಾನೂ ಹೊಡೆದೆ ಅವಳನ್ನ” ಅಂದಳು ಸುಗ್ರಾ. ಎದ್ದು ಡೇಗ್ಚಿಯನ್ನು ಬಾಗಿಲ ಪಕ್ಕಕ್ಕೆ ಇಟ್ಟಳು.

ಬೆಳಗಾದ ಮೇಲೆ ಅಜ್ಮತುಲ್ಲಾ ಅಭ್ಯಾಸಬಲದಿಂದ ಅಂಗಡಿ ತೆರೆದು ಕೂತ. ಕೆಂಡ ಹಚ್ಚಲು ಕೈ ಬರಲಿಲ್ಲ. ಸ್ವಲ್ಪ ಹೊತ್ತಿಗೆ ರಸ್ತೆಯ ತುದಿಯಲ್ಲಿ ಸುಗ್ರಾ ಕಾಣಿಸಿದಳು. ತಲೆತುಂಬ ಹೊದ್ದು, ಸೊಂಟದ ಮೇಲೆ ಡೇಗ್ಚಿ ಹೊತ್ತು ಬರುತ್ತಿದ್ದಳು. ತನ್ನ ಹತ್ತಿರವೇ ತರುತ್ತಿದ್ದಾಳೆ, ಹೊಸದಾಗಿ ಒಳ್ಳೆ ತವರ ಹಾಕಿಕೊಡಿ ಅನ್ನುತ್ತಾಳೆ ಎಂದು ಅವನು ಮಣೆಯಿಂದ ಅರ್ಧ ಎದ್ದ. ಅವಳು ಅವನ ಅಂಗಡಿಯನ್ನು ದಾಟಿ, ತಿರುಗಿಯೂ ನೋಡದೆ ಎದುರುಗಡೆ ಹೋದಳು.

ಜಾನ್ ಪಾಷಾ ಗಾಬರಿಯಾಗಿ ಎದ್ದು ನಿಂತ. ಈ ಬದಿಗೊಮ್ಮೆ ನೋಡಿ ತಲೆ ತಗ್ಗಿಸಿದ.

“ತವರ ಬಂದಿಲ್ಲ ಭಾಭಿ. ಕೋಲಾರದಿಂದ ಬರಬೇಕು. ಯಾವಾಗ ಬರುತ್ತೋ ಹೇಳಕ್ಕಾಗಲ್ಲ.”

ಸುಗ್ರಾ ಡೇಗ್ಚಿಯನ್ನು ಶಾನುಭೋಗರ ಕೊಪ್ಪರಿಗೆಯ ಪಕ್ಕದಲ್ಲಿ ಬೋರಲು ಹಾಕಿದಳು.

“ಕಾಯ್ತೀನಿ” ಅಂದಳು.