ತೋರಿಕೆಯ ಅರ

ಅರದಕ್ಕನ ಉಗುರೊಳಗಿನ ಮಸಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬೇಟೆ ಬಂದೂಕಿನ ನಳಿಗೆಗೆ ದೀಪದ ಮಸಿ ಹಿಡಿಸಿ, ಹಿಂಭಾಗದ ಉಕ್ಕಿಗೆ ಕೂರಿಸಿ, ತೆಗೆದು ನೋಡಬೇಕು. ಮಸಿ ಅಂಟಿದಲ್ಲಿ ಉಕ್ಕು ಉಬ್ಬಿದೆ ಎಂದರ್ಥ. ಅಷ್ಟನ್ನೇ ಅರದಿಂದ ಉಜ್ಜಬೇಕು. ಉಜ್ಜಿ ಉಜ್ಜಿ ಅವಳ ಬೆರಳು ಚಳಿಯಲ್ಲಿ ಮಡಚುತ್ತಲೇ ಇರಲಿಲ್ಲ. ಕಾರ್ಖಾನೆಯಲ್ಲಿ ಅರ ಹಿಡಿದು ಕೂರುವ ಸಾಲಿನ ಎಲ್ಲರದೂ ಅದೇ ಪಾಡು.

ಕಂಪ್ಯೂಟರ್ ಮೆಷಿನ್ ಬರುತ್ತದೆ, ತಮ್ಮ ಅನ್ನ ಹೋಗುತ್ತದೆ ಎಂದು ಸಾಲಿನವರು ಕೆಲಸ ನಿಲ್ಲಿಸಿದರು. ಯಜಮಾನ ಅರದಕ್ಕನನ್ನು ಒಳಗೆ ಕರೆದು ಕುರ್ಚಿ ಕೊಟ್ಟ. ಆಗಲೇ ಅವಳು ಎಚ್ಚೆತ್ತುಕೊಳ್ಳಬೇಕಿತ್ತು.

"ಅಕ್ಕಾ, ಮೆಷಿನ್ ಬರೀ ಒರಟು ಕೆಲಸಕ್ಕೆ. ಕೂರ್ಸೋದು ನಿಮ್ಮ ಕೈಯೇ. ಒಬ್ರನ್ನೂ ತೆಗಿಯಲ್ಲ, ನನ್ನ ತಾಯಾಣೆ."

ಅವಳು ನಂಬಿದಳು. ಹೊರಬಂದು, "ನಡೀರಿ ಕೆಲಸಕ್ಕೆ, ನಾನಿದೀನಲ್ಲ" ಎಂದಳು. ಅದೇ ಸಾಲಿನಲ್ಲಿದ್ದ ನಾದಿನಿ ಮಾತ್ರ, "ಅತ್ತಿಗೆ, ಅವನು ಮೂಗಿಗೆ ತುಪ್ಪ ಸವರಿದಾನೆ" ಎಂದು ಗೊಣಗಿದಳು.

ಮೆಷಿನ್ ಬಂತು. ಅದು ಕಡೆದ ಉಕ್ಕು ಮಸಿಯ ಹಂಗಿಲ್ಲದೆ ಕೂತಿತು. ಮೆಷಿನ್ನಿನ ತಪ್ಪೇನಿದೆ? ಅದು ಯಾರ ಆಣೆಯನ್ನೂ ಹಾಕಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಯಜಮಾನ ಇಡೀ ಸಾಲನ್ನೇ ತೆಗೆದ. ಉಳಿದವಳು ಅರದಕ್ಕ ಒಬ್ಬಳೇ.

ಅವಳಿಗೊಂದು ಗಾಜಿನ ಕೋಣೆ, ಹೊಸ ಏಪ್ರನ್. ಗಿರಾಕಿ ಬಂದಾಗ ಮೆಷಿನ್ ಮುಗಿಸಿದ ಉಕ್ಕಿಗೆ ಮಸಿ ಹಚ್ಚಿ ಸುಮ್ಮನೆ ಅರ ಆಡಿಸಬೇಕು. ಬೆಲೆ ಏರಿಸುವುದು ಯಜಮಾನನ ಕೆಲಸ.

ಬೂಟು ತೊಟ್ಟ ದೊಡ್ಡಮನುಷ್ಯನೊಬ್ಬ ಬಂದೂಕು ಕೊಳ್ಳಲು ಬಂದ. "ನೋಡಿ ಸಾರ್, ನಮ್ಮಲ್ಲಿ ಎಲ್ಲಾ ಕೈಕೆಲಸವೇ" ಎಂದ ಯಜಮಾನ. ಗಾಜಿನಾಚೆ, ಗೇಟಿನ ಬಳಿ ಕೆಲಸ ಹೋದ ಸಾಲಿನವರ ಜೊತೆ ನಾದಿನಿ ನಿಂತಿದ್ದಳು. ಅರದಕ್ಕ ಅರ ಕೆಳಗಿಟ್ಟಳು.

"ಸುಳ್ಳು ಸಾರ್. ಇದು ಮೆಷಿನ್ ಮಾಡಿದ್ದು. ಮಾಡ್ತಿದ್ದ ಕೈಗಳೆಲ್ಲ ಅಗೋ, ಗೇಟಿನ ಹತ್ರ ನಿಂತಿವೆ."

ಯಜಮಾನನ ಮುಖ ಕಪ್ಪಿಟ್ಟಿತು. ಗಿರಾಕಿ ನಕ್ಕ.

"ಗೊತ್ತಮ್ಮ. ಮನೆಗೆ ಬಂದೋರಿಗೆ ತೋರ್ಸೋಕೆ ನೀನು ಅರ ಹಿಡ್ದಿರೋ ಫೋಟೊ ಇದ್ರೆ ಸಾಕು. ಎಲ್ಲಿ, ಇನ್ನೊಂದ್ಸಲ ಉಜ್ಜು."

ಅವಳು ಏಪ್ರನ್ ಬಿಚ್ಚಿ ಎಸೆದು ಹೊರನಡೆದಳು. ಗೇಟಿನ ಬಳಿ ಯಾರೂ ಅವಳ ಮುಖ ನೋಡಲಿಲ್ಲ.

"ನಿಮ್ಮ ಮಾತು ನಂಬಿ ಕೆಟ್ವಿ ಅತ್ತಿಗೆ," ಎಂದಳು ನಾದಿನಿ.

"ಹೌದು. ಬಯ್ಯೋದಿದ್ರೆ ಬಯ್ರಿ. ನಾನು ಮಾತ್ರ ಇನ್ನು ಒಳಗೆ ಹೋಗಲ್ಲ."

ಅಷ್ಟರಲ್ಲಿ ಗಿರಾಕಿಯ ಕಾರು ಬಂದು ಹಾರನ್ ಹೊಡೆಯಿತು. ಅರದಕ್ಕ ದಾರಿಗೆ ಅಡ್ಡ ನಿಂತಳು. ನಾದಿನಿ ಸ್ವಲ್ಪ ಹೊತ್ತು ನೋಡಿ, ಬಂದು ಪಕ್ಕದಲ್ಲಿ ನಿಂತಳು. ಆಮೇಲೆ ಉಳಿದವರು. ಕಾರಿನ ಕಿಟಕಿ ಇಳಿಯಿತು.

"ಈಗ ತೆಗೀರಿ ಸಾರ್ ಫೋಟೊ," ಎಂದಳು ಅರದಕ್ಕ. "ಎಲ್ಲರೂ ಇದೀವಿ."