ಹುಳುಕು ಹಿಡಿದ ಕಾರು

ನಮ್ಮ ಯಜಮಾನರಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ಕ್ಲಿನಿಕ್ಕು. ರೋಗಿಗಳನ್ನು ಒಳಗೆ ಕಳಿಸುವುದು, ಸಾಮಾನು ಕುದಿಸಿ ಒರೆಸಿಡುವುದು, ಅಳುವ ಮಕ್ಕಳನ್ನು ಪುಸಲಾಯಿಸುವುದು ಎಲ್ಲ ನನ್ನ ಕೆಲಸ. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಒಂದು ಬೆಳಿಗ್ಗೆ ಹಿತ್ತಲಿನ ಶೆಡ್ಡಿನ ಮುಂದೆ ಲಾರಿ ಬಂದು ನಿಂತಿತು. ನಾಲ್ಕು ಜನ ಹಗ್ಗ ಕಟ್ಟಿ ಅದರಿಂದ ಒಂದು ಕಾರನ್ನು ಇಳಿಸಿದರು.

ಅಜ್ಜನ ಕಾಲದ ಕಾರು. ದುಂಡು ದೀಪ, ಉಬ್ಬಿದ ಕೆನ್ನೆ, ಮೇಲೆ ಹೊಸದಾಗಿ ಬಳಿದ ಹಸಿರು ಬಣ್ಣ. ಇಳಿಸುವಾಗಲೇ ಬಾಗಿಲ ಕೆಳಗಿನಿಂದ ತುಕ್ಕಿನ ಪುಡಿ ಉದುರಿ ನಾನು ಆಗಷ್ಟೇ ಗುಡಿಸಿದ್ದ ಅಂಗಳವೆಲ್ಲ ಕೆಂಪಾಯಿತು.

"ಏನ್ರೀ ಇದು?"

"ಕಾರು ಕಣೇ."

"ಅದು ನಂಗೂ ಕಾಣ್ತಿದೆ. ಯಾರದ್ದು?"

"ನಮ್ದೇ. ಫೋನಲ್ಲಿ ಫೋಟೋ ನೋಡಿ ತಗೊಂಡೆ."

"ಹೋಗಿ ನೋಡ್ಲಿಲ್ವಾ?"

"ನೋಡಿದ್ರೆ ತಗೋತಿರ್ಲಿಲ್ಲ" ಎಂದರು.

ನಾನು ಕಣ್ಣು ಕಣ್ಣು ಬಿಟ್ಟೆ. ಒಂದು ಬದನೆಕಾಯಿಯನ್ನೂ ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುವ ಮನುಷ್ಯ ಇವರು. ಜಗಳವಾಡೋಣವೆಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

ಆವತ್ತಿನಿಂದ ಅವರು ಕ್ಲಿನಿಕ್ಕಿಗೆ ಕಾಲಿಡಲಿಲ್ಲ. "ಮುಂದಿನ ವಾರ ಬರೋಕೆ ಹೇಳು" ಎನ್ನುವುದು, ಹಿತ್ತಲಿಗೆ ನಡೆಯುವುದು. ಊದಿದ ಕೆನ್ನೆ ಹಿಡಿದುಕೊಂಡು ಬಂದವರಿಗೆ ಸುಳ್ಳು ಹೇಳಿ ಹೇಳಿ ನನಗೇ ಹಲ್ಲು ನೋವು ಬರುವಂತಾಯಿತು. ಜ್ವರ ಅಂದೆ, ಬೆನ್ನು ಹಿಡಿದಿದೆ ಅಂದೆ. ಹೆಂಡತಿ ಬಾಗಿಲಲ್ಲಿ ನಿಂತು ಬೆನ್ನು ಹಿಡಿದಿದೆ ಎನ್ನುತ್ತಿದ್ದರೆ ಹಿಂದಿನಿಂದ ಟಣ್ ಟಣ್ ಎಂದು ತಗಡು ಬಡಿಯುವ ಸದ್ದು. ಕ್ಲಿನಿಕ್ಕಿನ ಬಾಗಿಲು ಮತ್ತೆ ತೆರೆಯುತ್ತದೋ ಇಲ್ಲವೋ? ನನಗೆ ಬೇಕಾಗಿದ್ದುದು ಅದೊಂದೇ ಉತ್ತರ. ಕ್ಲಿನಿಕ್ಕಿಲ್ಲದ ಇವರನ್ನು ನಾನು ಕಂಡೇ ಇಲ್ಲ. ಹೆಣ್ಣು ನೋಡಲು ಬಂದಾಗಲೂ ಮೊದಲು ನನ್ನ ಹಲ್ಲು ನೋಡಿದ್ದರು.

ಶೆಡ್ಡಿಗೆ ಹೋಗಿ ನೋಡಿದರೆ ಇನ್ನೊಂದು ವಿಚಿತ್ರ. ಹುಳುಕು ಹುಡುಕುವ ಚೂಪು ಕಡ್ಡಿಯಿಂದ ಕಾರನ್ನು ಚುಚ್ಚಿ ಚುಚ್ಚಿ ಪರೀಕ್ಷಿಸುತ್ತಿದ್ದರು. ಕಡ್ಡಿ ಇಳಿದಲ್ಲೆಲ್ಲ ಸಣ್ಣ ಡ್ರಿಲ್ ಹಚ್ಚಿ ಕೆರೆಯುವುದು. ಹಿಂದಿನ ಬಾಗಿಲಿಗೆ, ಹಲ್ಲುಗಳನ್ನು ಎಣಿಸಿ ಹೇಳುವ ಹಾಗೆ, "ಕೆಳಗಿನ ಬಲ ಆರು" ಎಂದು ಹೆಸರಿಟ್ಟಿದ್ದರು!

"ನೋಡೇ ಇಲ್ಲಿ! ಒಳಗೆ ಹುಳುಕು ಹಂಗೇ ಬಿಟ್ಟು ಮೇಲೆ ಪುಟ್ಟಿ ತುಂಬಿದ್ದಾನೆ, ಕಳ್ಳ ನನ್ಮಗ. ಇವನಿಗೆ ಯಾರು ಕಲಿಸಿದ್ದು?"

"ರೀ, ಅದು ಹಲ್ಲಲ್ಲ."

"ಗಟ್ಟಿ ಸಿಗೋವರೆಗೂ ಕೆರೀಬೇಕು. ಅದು ಎಲ್ಲಾದಕ್ಕೂ ಒಂದೇ."

ಗಟ್ಟಿ ಸಿಗಲೇ ಇಲ್ಲ. ಎರಡು ವಾರದಲ್ಲಿ ಕಾರಿನೊಳಗೆ ಕೂತರೆ ನೆಲದ ಇರುವೆ ಕಾಣುವ ಹಾಗಾಯಿತು.

ನಾನು ಟಿಂಕರಿಂಗ್ ಮೇಸ್ತ್ರಿಯನ್ನು ಕರೆಸಿದೆ. ಆತ ಸುತ್ತ ಎರಡು ಸುತ್ತು ಬಂದು, ಬಗ್ಗಿ ನೋಡಿ, ಎದ್ದು ತಲೆ ಕೆರೆದುಕೊಂಡ.

"ಅಮ್ಮಾ, ಇದು ಗುಜರಿ. ಡಾಕ್ಟ್ರು ಕೊರೆದಷ್ಟೂ ತೂಕ ಕಮ್ಮಿ ಆಗ್ತಿದೆ. ಬೇಗ ಕೊಟ್ಬಿಡಿ."

ಸರಿ, ಕೊಟ್ಟುಬಿಡೋಣವೆಂದು ಇವರಿಗೆ ತಿಳಿಸದೆ ಹಳೆ ಕಾರುಗಳ ವ್ಯಾಪಾರಿಗೆ ಫೋನ್ ಮಾಡಿದೆ. ಕಾರು ಹೋದರೆ ಇವರಿಗೆ ಹಿಡಿದ ಗ್ರಹಚಾರವೂ ಬಿಟ್ಟು, ಮನುಷ್ಯ ಮತ್ತೆ ಬಿಳಿ ಕೋಟು ಹಾಕಿಕೊಂಡಾರು ಎಂಬ ಆಸೆ. ಆ ವ್ಯಾಪಾರಿ ಬಂದವನೇ ತೂತುಗಳನ್ನು ಸವರಿ ಸವರಿ ನೋಡಿದ. ಮುಖ ಅರಳಿತು.

"ಯಾರಮ್ಮ ಈ ಕೆಲಸ ಮಾಡಿದ್ದು? ಕೆಟ್ಟಿದ್ದನ್ನ ಇಷ್ಟು ಶುದ್ಧವಾಗಿ ತೆಗೆದಿದ್ದು ನಾ ನೋಡೇ ಇಲ್ಲ. ಇನ್ನು ಹೊಸ ತಗಡು ಕೂರಿಸಿದ್ರೆ ಆಯ್ತು. ಇಂಜಿನ್ನೂ ಮೂಲದ್ದೇ ಇದೆ." ಎಂದು ಒಂದು ಬೆಲೆ ಹೇಳಿದ. ಇವರು ಕೊಟ್ಟದ್ದರ ಎರಡರಷ್ಟು.

ನನ್ನ ತಲೆ ಗಿರ್ರೆಂದಿತು. ಒಬ್ಬನಿಗೆ ತೂತಾದಷ್ಟೂ ಕಡಿಮೆ, ಇನ್ನೊಬ್ಬನಿಗೆ ತೂತಾದಷ್ಟೂ ಹೆಚ್ಚು. ಯಾರ ಮಾತು ನಂಬಬೇಕು? ಆದರೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಸರಿಯಪ್ಪ ಎಂದು ಅವನನ್ನು ಅಂಗಳದಲ್ಲಿ ಕೂರಿಸಿ, ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಇವರ ಹತ್ತಿರ ಓಡಿದೆ.

"ಎರಡರಷ್ಟು ಕೊಡ್ತಾನಂತೆ ಕಣ್ರೀ! ಕೊಟ್ಬಿಡೋಣ. ನಾಳೆಯಿಂದ ಕ್ಲಿನಿಕ್ ತೆಗೀರಿ."

ಅವರು ನಲ್ಲಿ ನಿಲ್ಲಿಸಲು ಬಲಗೈ ಚಾಚಿದರು. ಕೈ ತಿರುಪಿನ ಮೇಲೆ ಕೂರಲಿಲ್ಲ. ಒಮ್ಮೆ ಈಚೆ, ಒಮ್ಮೆ ಆಚೆ ಹೋಯಿತು. ಕೊನೆಗೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ನಿಲ್ಲಿಸಿದರು.

"ಯಾವಾಗಿಂದ ರೀ?"

"ಚಳಿಗಾಲದಿಂದ ಇರ್ಬೇಕು. ಹಿಂಗೆ ಹಿಡ್ಕೊಂಡ್ರೆ ಸ್ವಲ್ಪ ಹೊತ್ತು ನಿಲ್ಲುತ್ತೆ."

"ನಂಗೊಂದು ಮಾತು ಹೇಳ್ಬಾರ್ದಾ?"

"ಹೊಲಿಗೆ ಅಂಗಡಿಯಾಕೆ ಬಂದಿದ್ಲಲ್ಲ, ಕೊನೇಲಿ. ಅವಳ ಕೆನ್ನೆ ಒಳಗೆ ಡ್ರಿಲ್ ಜಾರ್ತು. ಇಂಜೆಕ್ಷನ್ ಕೊಟ್ಟಿದ್ದೆ, ಅವಳಿಗೆ ಗೊತ್ತಾಗ್ಲಿಲ್ಲ. ಹೋಗೋವಾಗ ಕೈ ಮುಗಿದು, ನಿಮ್ಮ ಕೈ ಹೂವಿನ ಹಾಗೆ ಡಾಕ್ಟ್ರೇ ಅಂದ್ಲು."

ಅವಳ ಬಾಯಿಗೆ ಹತ್ತಿ ಇಟ್ಟವಳು ನಾನೇ. ಒಸಡಿನ ರಕ್ತವೆಂದುಕೊಂಡಿದ್ದೆ. ಇಷ್ಟು ವರ್ಷ ಪಕ್ಕದಲ್ಲೇ ನಿಂತವಳಿಗೆ ಏನೂ ಕಾಣಿಸಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಇವರ ಮೇಲೂ ಬಂತು. ಯಾರ ಮೇಲೆ ಎಷ್ಟೆಂದು ನನಗೆ ಬಗೆಹರಿಯಲಿಲ್ಲ.

"ಅದಕ್ಕೆ ಕಾರಾ?"

"ಕೆರೆಯೋದು ಬಿಟ್ಟು ಬೇರೇನು ಬರುತ್ತೆ ನಂಗೆ?" ಎಂದರು. ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡರು. "ಇದಕ್ಕೆ ಕೈ ಜಾರಿದ್ರೂ ನೋವಾಗಲ್ಲ ಕಣೇ."

ಅಂಗಳದಲ್ಲಿ ವ್ಯಾಪಾರಿ ಎರಡು ಸಲ ಕೆಮ್ಮಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. ಅವನು ಆಗಲೇ ಮುಂಗಡ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಕಾರು ಕೊಡಲ್ಲಪ್ಪ" ಎಂದೆ.

"ಅಯ್ಯೋ, ಈಗ ತಾನೇ ಸರಿ ಅಂದ್ರಲ್ಲಮ್ಮ! ಇನ್ನೂ ಸ್ವಲ್ಪ ಸೇರಿಸಿ ಕೊಡ್ತೀನಿ."

"ಎಷ್ಟು ಸೇರಿಸಿದ್ರೂ ಇಲ್ಲ. ಡಾಕ್ಟ್ರಿಗೆ ಬೇಕು."

ಅವನಿಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖ, ಶೆಡ್ಡು, ಮತ್ತೆ ನನ್ನ ಮುಖ ನೋಡಿದ. ಅಷ್ಟರಲ್ಲಿ ಶೆಡ್ಡಿನಲ್ಲಿ ಮತ್ತೆ ಡ್ರಿಲ್ ಶುರುವಾಗಿತ್ತು. ಗೊಣಗುತ್ತ ಗೇಟಿನವರೆಗೆ ಹೋದವನನ್ನು ನಾನೇ ಕರೆದು ನಿಲ್ಲಿಸಿದೆ. ಧ್ವನಿ ಆದಷ್ಟು ಗಟ್ಟಿಯಾಗಿಟ್ಟುಕೊಂಡೆ, ಹಿಂದೆ ಇವರಿಗೂ ಕೇಳಿಸಲಿ ಎಂದು.

"ಹಲ್ಲಿನ ರೋಗಿಗಳು ಕೂರೋ ಕುರ್ಚಿ ಒಂದಿದೆ. ಒಳ್ಳೇ ಸ್ಥಿತೀಲಿದೆ, ಮೇಲೆ ಕೆಳಗೆ ಎಲ್ಲ ಚೆನ್ನಾಗಿ ಹೋಗುತ್ತೆ. ತಗೊಳ್ಳೋರು ಯಾರಾದ್ರೂ ಗೊತ್ತಾ?"

ಹಿಂದೆ ಡ್ರಿಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.