ಮೇಜಿನ ಕೆಳಗಿನ ಚೋಕು

ನನ್ನ ಗಂಡ ಗಿರೀಶನಿಗೆ ಮಂಗಗಳ ಮೇಲಿದ್ದ ಸಿಟ್ಟನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮಿಬ್ಬರಿಗೂ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ದೂರದವರೊಂದಿಗೆ ಮಾತಾಡುವ ರೇಡಿಯೊದ ಲೈಸೆನ್ಸ್ ಇದೆ. ಹುಲಗೋಳದ ನಮ್ಮ ಮನೆಯ ಹಿಂದೆ ಮರದಿಂದ ಮರಕ್ಕೆ ಆಂಟೆನಾ. ಅದರ ಕೇಬಲ್ಲು ಪಕ್ಕದ ವೆಂಕಟ್ರಮಣ ಭಾವನ ಝಟಕಾ ಬೇಲಿಯ ಗುಂಟ ಮನೆಗೆ ಬರುತ್ತದೆ. ಹಂದಿ ತಡೆಯುವ ಆ ಕರೆಂಟು ಬೇಲಿ ಟಕ್ ಎಂದಾಗೆಲ್ಲ ಕೇಬಲಿನ ಹೊರಮೈಗೆ ಕರೆಂಟು ಹತ್ತುತ್ತದೆ, ಆಂಟೆನಾದವರೆಗೆ ಏರಿ ಅಲ್ಲಿಂದ ಒಳತಂತಿಗೆ ಸೇರಿ ರೇಡಿಯೊದಲ್ಲಿ ಸದ್ದಾಗುತ್ತದೆ. ತಡೆಯಲಿಕ್ಕೇ ಚೋಕ್ ಬಾಲನ್ ಇರುವುದು. ಕೇಬಲನ್ನು ಫೆರೈಟ್ ಎಂಬ ಕಾಂತೀಯ ವಸ್ತುವಿನ ಬಳೆಗೆ ಸುತ್ತಿ, ಆಂಟೆನಾಕ್ಕೆ ಸೇರುವಲ್ಲೇ ಕಟ್ಟಬೇಕು. ಒಳಗಿನ ಮಾತು ದಾಟುತ್ತದೆ, ಹೊರಗಿನ ಕರೆಂಟು ನಿಲ್ಲುತ್ತದೆ.

ಮಂಗಗಳು ಅದನ್ನು ಕಿತ್ತವು. ಕಟ್ಟಿದರೆ ಮತ್ತೆ ಕಿತ್ತವು. ಗಿರೀಶ ಸಿಟ್ಟಿನಿಂದ ಅದನ್ನು ತಂದು ರೇಡಿಯೊ ಮೇಜಿನ ಕೆಳಗೆ ಕಟ್ಟಿದ.

"ಮೇಲೆ ಕಟ್ಟಿರೆ ಮಂಗ ಬಿಡ್ತಿಲ್ಲೆ ಮಾರಾಯ್ತಿ. ಇಲ್ಲಿದ್ರೆ ಎಂತ ಆಗ್ತು?"

ಆಗದೆ ಏನು! ಕೆಳಗೆ ಬರುವಷ್ಟರಲ್ಲಿ ಸದ್ದು ಮಾತಿನೊಳಗೆ ಬೆರೆತಾಗಿರುತ್ತದೆ. ಬಾಯಿ ನೋಯುವಷ್ಟು ಹೇಳಿದೆ.

ಯಲ್ಲಾಪುರದ ಕಡೆ ಗುಡ್ಡ ಕುಸಿದು ಮೊಬೈಲುಗಳು ಸತ್ತ ದಿನ, ಗಿರೀಶನ ಶಿಷ್ಯ ಸುನೀಲ ಸುದ್ದಿ ಕಳಿಸಲು ಸಣ್ಣ ರೇಡಿಯೊ ಸೆಟ್ಟು ಹೊತ್ತು ಅಲ್ಲಿಗೆ ಹೋದ. ಮಧ್ಯಾಹ್ನ ಅವನ ಕ್ಷೀಣ ದನಿ ಬಂತು. ಮಣ್ಣಿನಡಿ ಕಾಲು ಸಿಕ್ಕಿದೆ ಎಂದದ್ದು ತಿಳಿಯಿತು. ಎಲ್ಲಿ ಎಂಬುದನ್ನು ಬೇಲಿಯ ಸದ್ದು ನುಂಗಿತು.

"ಮತ್ತೆ ಹೇಳು ಸುನೀಲ, ಜಾಗ ಮತ್ತೆ ಹೇಳು" ಎನ್ನುತ್ತಲೇ ಇದ್ದೆ. ಅವನ ತಾಯಿ ದುರ್ಗಿ ನನ್ನ ಪಕ್ಕದಲ್ಲಿ ಕೂತಿದ್ದಳು. ಬೇಲಿಯ ಯಂತ್ರ ವೆಂಕಟ್ರಮಣ ಭಾವನ ಶೆಡ್ಡಿನಲ್ಲಿತ್ತು, ಬೀಗ ಹಾಕಿ ಅವರು ಶಿರಸಿಗೆ ಹೋಗಿದ್ದರು. ಗಿರೀಶ ಓಡಿಹೋಗಿ ಬೀಗ ಒಡೆದ. ಸದ್ದು ನಿಂತಿತು. ಅಷ್ಟರಲ್ಲಿ ಸುನೀಲನ ದನಿಯೂ ನಿಂತಿತ್ತು.

ಹೆಣ ಸಿಕ್ಕಿದ್ದು ಎರಡು ದಿನದ ಮೇಲೆ, ಪಕ್ಕದಲ್ಲಿ ಬ್ಯಾಟರಿ ಖಾಲಿಯಾದ ಸೆಟ್ಟು. ಮಣ್ಣು ಮಾಡಿದ ಮಾರನೆಯ ದಿನ ದುರ್ಗಿ ನಮ್ಮ ಜಗಲಿಗೆ ಬಂದಳು. ಗಿರೀಶ ಒಳಗೇ ಉಳಿದ.

"ಅವ ಹೇಳದು ನಮ್ಗೆ ಕೇಳ್ಳಿಲ್ಲ. ನೀವ್ ಹೇಳದು ಅವಂಗೆ ಕೇಳ್ತಿತ್ತಾ ಅಮ್ಮ?"

ಸುಳ್ಳು ಹೇಳಬಹುದಿತ್ತು. ಆದರೆ ಸದ್ದು ಇದ್ದದ್ದು ನಮ್ಮ ಕಡೆ ಮಾತ್ರ. ಅಲ್ಲಿ ನನ್ನ ಒಂದೊಂದು ಮಾತೂ ಸ್ವಚ್ಛ ಕೇಳುತ್ತಿತ್ತು.

"ಕೇಳ್ತಿತ್ತು" ಎಂದೆ.

ದುರ್ಗಿ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಹಂಗಾರೆ ನೀವ್ ಕೇಳ್ದಾಗೆಲ್ಲ ಹೇಳಿದ್ದ. ಪಾಪ, ಬ್ಯಾಟ್ರಿ ಮುಗ್ಯಾ ತನಕ ಹೇಳಿದ್ದ."